ನೇರಳೆ ಹಣ್ಣಿನ ಬಣ್ಣ ಮತ್ತು ಸೌರಕೋಶ

ಮಲೆ ಮಹದೇಶ್ವರ ಬೆಟ್ಟದ ಹಳ್ಳದ ದಂಡೆಗಳಲ್ಲಿ ಬೆಳೆಯುವ ನೇರಳೆಯ ಹಣ್ಣಿಗೆ ಕಡುಬಣ್ಣ ಕೊಡುವ ಆಂಥೋಸಯನಿನ್ ಎಂಬ ಸಾವಯವ ವರ್ಣದ್ರವ್ಯವು ಸೌರಕೋಶದಲ್ಲಿ ತೋರುವ ವರ್ತನೆ ನಿಜಕ್ಕೂ ಬೆರಗಿನದು. 1991ರಲ್ಲಿ ಬ್ರಯಾನ್ ಓರೇಗನ್ ಮತ್ತು ಮೈಕೆಲ್ ಗ್ರೆಟ್ಜೆಲ್ ಪ್ರಕಟಿಸಿದ ಇಂಥ ಸೌರಕೋಶದ ವಿನ್ಯಾಸದಲ್ಲಿ ಬಳಕೆಯಾದ ಟೈಟಾನಿಯಂ ಡೈಆಕ್ಸೈಡಿನ ನ್ಯಾನೊಕಣಗಳು, ಅಂದರೆ ಮಿಲಿಮೀಟರಿನ ಲಕ್ಷದ ಒಂದು ಪಾಲಿನಷ್ಟು ಸೂಕ್ಷ್ಮವಾದ ಕಣಗಳು, ಕಣ್ಣಿಗೆ ಕಾಣುವ ಬೆಳಕನ್ನು ತಾವಾಗಿ ಹೀರಲಾರವು. ಆದರೆ ವರ್ಣದ ಅಣುವು ತನ್ನ ಅಕ್ಕಪಕ್ಕದ ಹೈಡ್ರಾಕ್ಸಿಲ್ ಗುಂಪುಗಳಿಂದ ಕಣದ ಮೇಲ್ಮೈಯನ್ನು ಹಿಡಿದುಕೊಂಡಾಗ, ಬೆಳಕಿನಿಂದ ಚೈತನ್ಯ ಪಡೆದ ಎಲೆಕ್ಟ್ರಾನು ಕಣದೊಳಕ್ಕೆ ಜಿಗಿಯುತ್ತದೆ, ವರ್ಣದ ಅಣುವಿನಲ್ಲಿ ಉಂಟಾದ ಆ ಕೊರತೆಯನ್ನು ಅಯೊಡೈಡ್ ದ್ರಾವಣವು ತುಂಬಿಕೊಡುತ್ತದೆ. ಬಣ್ಣವು ಒಂದೇ ಅಣುವಿನ ದಪ್ಪಕ್ಕೆ ಹರಡಿರುವುದೇ ಸೊಗಸು, ಏಕೆಂದರೆ ಅಣುಗಳು ಗುಂಪುಗೂಡಿದರೆ ಹೀರಿದ ಶಕ್ತಿಯ ಬಹುಪಾಲು ಅವುಗಳಲ್ಲೇ ಶಾಖವಾಗಿ ಕಳೆದುಹೋಗುತ್ತದೆ. ಹಣ್ಣಿನ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ; ಕಾರ್ಬಾಕ್ಸಿಲ್ ಗುಂಪಿನಿಂದ ಬಿಗಿಯಾಗಿ ಕಚ್ಚಿಕೊಳ್ಳುವ ಕೃತಕ ವರ್ಣಗಳೇ ಹೆಚ್ಚು ವಿದ್ಯುತ್ತನ್ನೂ ಹೆಚ್ಚು ಬಾಳಿಕೆಯನ್ನೂ ಕೊಡುತ್ತವೆ.