ಯಂತ್ರಕ್ರೀಡೆಯಲ್ಲಿ ನಗರದರ್ಶನ : ‘ಸಿಮ್‌ಸಿಟಿ’ಯ ವಿಮರ್ಶೆ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದ ಲಾಕ್ಷಣಿಕರು ಆ ಪಟ್ಟಿಯ ಮೊದಲಿಗೇ ನಗರವನ್ನಿಟ್ಟರು. ಕೋಟೆ, ಅಗಳು, ಉಪವನ, ವಿಪಣಿಬೀದಿ, ಸೂಳೆಗೇರಿ ಇವುಗಳನ್ನು ಪದ್ಯಕ್ಕೊಂದರಂತೆ ಬಣ್ಣಿಸಿಕೊಂಡು ಬಂದ ನಮ್ಮ ಕವಿಗಳಿಗೆ ಆ ಬೀದಿಗಳನ್ನು ದುರಸ್ತಿ ಮಾಡಿಸುವವರಾರು, ಕಾವಲಿನ ವೆಚ್ಚವೆಷ್ಟು, ಸುಂಕದ ದರವೇನು ಎಂಬ ಪ್ರಶ್ನೆಗಳು ಎದುರಾಗಲಿಲ್ಲ. ಎದುರಾಗಬೇಕಾದ ಕಾರಣವೂ ಇರಲಿಲ್ಲ. ೧೯೮೯ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಹೊರಬಂದ ‘ಸಿಮ್‌ಸಿಟಿ’ ಎಂಬ ವಿಡಿಯೋ ಆಟವು ಈ ಪ್ರಶ್ನೆಗಳಿಂದಲೇ ತನ್ನ ನಗರವರ್ಣನೆಯನ್ನು ಪ್ರಾರಂಭಿಸುತ್ತದೆ. ಗಣಕಯಂತ್ರದ ಆಟವೆಂದೊಡನೆಯೇ ಹುಡುಗಾಟಿಕೆಯೆಂದು ಮುಖ ತಿರುಗಿಸುವ ವಿದ್ವಾಂಸರು ಇಂದಿಗೂ ಇದ್ದಾರೆ. ಅವರ ಮಾತು ಹಾಗಿರಲಿ. ಮೂರು ದಶಕಗಳಿಗೂ ಮೀರಿ ಲಕ್ಷಾಂತರ ಜನರ ಮನಸ್ಸಿನಲ್ಲಿ ನಗರವೆಂದರೇನು ಎಂಬ ಕಲ್ಪನೆಯನ್ನು ರೂಪಿಸುತ್ತ ಬಂದಿರುವ ಕೃತಿಯೊಂದು, ಕಾದಂಬರಿಗೆ ಸಲ್ಲುವಷ್ಟೇ ಗಂಭೀರವಾದ ವಿಮರ್ಶೆಗೆ ಅರ್ಹವಾಗಿದೆ. ಊರನ್ನು ಬಿಟ್ಟು ಮಹಾನಗರವನ್ನು ಸೇರಿದ ಕನ್ನಡಿಗರಿಗಂತೂ ಈ ವಿಷಯ ಹೊರಗಿನದಲ್ಲ. ಈ ಆಟದಲ್ಲಿ ಅಂಕೆಯಾಗಿ ಬಂದು ಅಂಕೆಯಾಗಿ ಹೋಗುವವರು ಅವರಂಥವರೇ.

ಕೃತಿಯ ಜನ್ಮವೃತ್ತಾಂತ ಸ್ವಾರಸ್ಯವಾದುದು. ಇದರ ಕರ್ತೃ ವಿಲ್ ರೈಟ್ ೧೯೮೪ರಲ್ಲಿ ಹೆಲಿಕಾಪ್ಟರಿನಿಂದ ಶತ್ರುವಿನ ಕಾರ್ಖಾನೆಗಳ ಮೇಲೆ ಬಾಂಬು ಹಾಕುವ ಆಟವೊಂದನ್ನು ರಚಿಸಿದ್ದರು. ಬಾಂಬಿಗೆ ಗುರಿಯಾಗಬೇಕಾದ ದ್ವೀಪಗಳನ್ನು ಬಿಡಿಸಿಕೊಳ್ಳುವುದಕ್ಕೆಂದು ತಮಗಾಗಿ ಮಾಡಿಕೊಂಡ ಸಲಕರಣೆಯೇ ಆಟಕ್ಕಿಂತ ಹೆಚ್ಚಿನ ಸಂತೋಷವನ್ನು ಕೊಡುತ್ತಿದೆಯೆಂದು ಅವರಿಗೆ ತೋರಿತು. ಕೆಡಹುವುದಕ್ಕಿಂತ ಕಟ್ಟುವುದು ರುಚಿಸಿತು. ಹೀಗೆ ಹುಟ್ಟಿದ ಆಟಕ್ಕೆ ಗೆಲುವಿಲ್ಲ, ಕೊನೆಯಿಲ್ಲ. ಇಂಥದನ್ನು ಯಾರು ಕೊಂಡಾರೆಂದು ಪ್ರಕಾಶಕರು ಹಿಂಜರಿದರು. ೧೯೮೭ರಲ್ಲಿ ಜೆಫ್ ಬ್ರೌನ್ ಎಂಬವರೊಡನೆ ಕೂಡಿ ರೈಟ್ ‘ಮ್ಯಾಕ್ಸಿಸ್’ ಸಂಸ್ಥೆಯನ್ನು ಸ್ಥಾಪಿಸಿದ ಬಳಿಕವಷ್ಟೇ ಕೃತಿ ಬೆಳಕು ಕಂಡಿತು.

ಆಟಗಾರನಿಗೆ ಮೊದಲು ದೊರೆಯುವುದು ಬರಿಯ ನೆಲ, ಒಂದಿಷ್ಟು ನೀರು, ಮರ, ಮತ್ತು ಖಜಾನೆಯಲ್ಲಿ ಹಣ. ಸುಲಭದ ಮಟ್ಟದಲ್ಲಿ ೨೦,೦೦೦ ಡಾಲರು, ಕಠಿನದ ಮಟ್ಟದಲ್ಲಿ ೫,೦೦೦. ನೆಲವನ್ನು ಆತ ವಾಸಕ್ಕೆ, ವ್ಯಾಪಾರಕ್ಕೆ, ಕೈಗಾರಿಕೆಗೆ ಎಂದು ಮೂರು ಬಣ್ಣದ ಚೌಕಗಳಾಗಿ ಗುರುತಿಸುತ್ತಾನೆ, ವಿದ್ಯುತ್ತನ್ನು ತರುತ್ತಾನೆ, ದಾರಿ ಹಾಕುತ್ತಾನೆ. ಮನೆಗಳನ್ನು ಆತ ಕಟ್ಟುವುದಿಲ್ಲ, ಅವು ತಾವಾಗಿ ಏಳುತ್ತವೆ. ಜನ ಬರುತ್ತಾರೆ. ತೆರಿಗೆ ಶೇಕಡಾ ೭ರಿಂದ ಮೊದಲಾಗುತ್ತದೆ. ಏರಿಸಿದರೆ ಜನ ಹೊರಟುಹೋಗುತ್ತಾರೆ. ವರ್ಷಕ್ಕೊಮ್ಮೆ ಆಯವ್ಯಯದ ಪತ್ರಿಕೆ ಕಣ್ಣೆದುರಿಗೆ ಬರುತ್ತದೆ. ಅದರಲ್ಲಿ ಖರ್ಚಿನ ಬಾಬುಗಳು ಮೂರೇ: ಸಾರಿಗೆ, ಪೋಲೀಸು, ಅಗ್ನಿಶಾಮಕ. ಲೆಕ್ಕಪತ್ರವನ್ನು ಬಲ್ಲವರ ಕಣ್ಣಿಗೆ ಒಂದು ಕೊರತೆ ಒಡನೆಯೇ ಬೀಳುತ್ತದೆ. ೧೯೮೯ರ ಆ ಮೂಲ ಆಟದಲ್ಲಿ ಸಾಲವೇ ಇಲ್ಲ! ಸಾಲ ಮಾಡದೆ ಬೆಳೆದ ನಗರವನ್ನು ಇತಿಹಾಸದಲ್ಲಿ ಹುಡುಕಿ ತೆಗೆಯುವುದು ಪ್ರಯಾಸದ ಕೆಲಸವೇ ಸರಿ. ಮುಂದಿನ ‘ಸಿಮ್‌ಸಿಟಿ ೨೦೦೦’ ಎಂಬ ಆವೃತ್ತಿಯಲ್ಲಿ ಋಣಪತ್ರಗಳು ಬಂದು ಈ ಲೋಪ ತಕ್ಕಮಟ್ಟಿಗೆ ನಿವಾರಣೆಯಾಯಿತು.

ಈ ಆಟದ ಹಿಂದೆ ಒಂದು ಗ್ರಂಥವಿದೆ. ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಜೇ ಫಾರೆಸ್ಟರ್ ಮೂಲತಃ ವಿದ್ಯುತ್ ತಂತ್ರಜ್ಞರು. ಗಣಕಯಂತ್ರದ ಕಾಂತೀಯ ಸ್ಮೃತಿಕೋಶವನ್ನು ರೂಪಿಸಿದವರಲ್ಲಿ ಪ್ರಮುಖರು. ಬಾಸ್ಟನ್ನಿನ ಮೇಯರ್ ಪದವಿಯಿಂದ ನಿವೃತ್ತರಾಗಿ ಅದೇ ಸಂಸ್ಥೆಗೆ ಬಂದ ಜಾನ್ ಕಾಲಿನ್ಸರೊಡನೆ ನಡೆದ ಮಾತುಕತೆಯ ಫಲವಾಗಿ ಅವರು ೧೯೬೯ರಲ್ಲಿ ‘ಅರ್ಬನ್ ಡೈನಮಿಕ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ನಗರವೊಂದರ ೨೫೦ ವರ್ಷಗಳ ಏಳುಬೀಳನ್ನು ಸಮೀಕರಣಗಳಲ್ಲಿ ಹಿಡಿದಿಡುವ ಸಾಹಸವದು. ಅದರ ನಿರ್ಣಯಗಳು ಕಟುವಾದುವು: ಬಡವರಿಗೆ ಅಗ್ಗದ ಮನೆಗಳನ್ನು ಕಟ್ಟಿಸಿಕೊಟ್ಟರೆ ನಗರ ಇನ್ನಷ್ಟು ಕುಸಿಯುತ್ತದೆ, ಹಳೆಯ ಕೊಳೆಗೇರಿಗಳನ್ನು ಕೆಡಹಿ ಆ ನೆಲವನ್ನು ಉದ್ಯಮಕ್ಕೆ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಯಾವ ಒಂದು ನಿಜವಾದ ನಗರದ ಅಂಕಿ-ಅಂಶಗಳ ಮೇಲೂ ಈ ನಿರ್ಣಯ ನಿಂತಿರಲಿಲ್ಲವೆಂಬುದನ್ನು ಅಂದಿನ ಸಮಾಜಶಾಸ್ತ್ರಜ್ಞರು ಎತ್ತಿ ಆಡಿದರು. ಕೆಡಹಿದ ಮನೆಯಿಂದ ಹೊರಟವರು ಎಲ್ಲಿಗೆ ಹೋದರು ಎಂಬುದಕ್ಕೆ ಗ್ರಂಥದಲ್ಲಿ ಉತ್ತರವಿಲ್ಲ. ಅವರು ‘ಅಪರಿಮಿತವಾದ ಹೊರಗೆ’ ಸೇರಿಹೋಗುತ್ತಾರೆ. ನಗರದ ಎಲ್ಲೆಯನ್ನು ದಾಟಿದವನು ಸಮೀಕರಣವನ್ನೂ ದಾಟಿದಂತೆ. ರೈಟ್ ಈ ಗ್ರಂಥವನ್ನು ಓದಿ ಅದರ ವಿಧಾನವನ್ನು ತಮ್ಮ ಆಟಕ್ಕೆ ಒಗ್ಗಿಸಿಕೊಂಡರು. ಗ್ರಂಥದ ‘ಹೊರಗೆ’ಯೂ ಅದರೊಡನೆ ಆಟಕ್ಕೆ ಬಂದಿತು.

ಕಾವ್ಯದ ಉಪದೇಶವನ್ನು ಕಾಂತಾಸಮ್ಮಿತವೆಂದು ನಮ್ಮ ಮೀಮಾಂಸಕರು ಕರೆದರು: ಪ್ರಭುವಿನ ಆಜ್ಞೆಯಂತಲ್ಲದೆ, ಮಿತ್ರನ ಬುದ್ಧಿವಾದದಂತೆಯೂ ಅಲ್ಲದೆ, ಪ್ರಿಯೆಯ ನುಡಿಯಂತೆ ಅರಿಯದೆಯೇ ಮನಸ್ಸನ್ನು ಒಲಿಸುವುದು ಅದರ ರೀತಿ. ಆಟದ ಉಪದೇಶಕ್ಕೆ ಈ ಮೂರರಲ್ಲಿ ಯಾವ ಹೆಸರೂ ಹೊಂದುವುದಿಲ್ಲ. ಅದು ನಿಯಮದ ಉಪದೇಶ. ಆಡುವವನ ಕೈ ಅದನ್ನು ಮೊದಲು ಕಲಿಯುತ್ತದೆ, ಬುದ್ಧಿ ಆಮೇಲೆ. ಷೆರಿ ಟರ್ಕಲ್ ಎಂಬ ವಿದುಷಿ ತಮ್ಮ ಅಧ್ಯಯನದಲ್ಲಿ ಒಬ್ಬ ಶಾಲಾಬಾಲಿಕೆಯ ಸಂಗತಿಯನ್ನು ದಾಖಲಿಸಿದ್ದಾರೆ: ಸಿಮ್‌ಸಿಟಿಯನ್ನು ಆಡಿ ಆಡಿ, ತೆರಿಗೆ ಏರಿಸಿದರೆ ದಂಗೆ ನಿಶ್ಚಯವೆಂಬುದನ್ನು ಆಕೆ ಒಂದು ಸಿದ್ಧಾಂತವಾಗಿಯೇ ಗ್ರಹಿಸಿದ್ದಳು. ಪಠ್ಯಪುಸ್ತಕ ಇದೇ ಮಾತನ್ನು ಹೇಳಿದ್ದರೆ ಆಕೆ ಏಕೆಂದು ಕೇಳಬಹುದಿತ್ತು. ಆಟ ಏನನ್ನೂ ಹೇಳದುದರಿಂದ ಕೇಳುವ ಅವಕಾಶವೇ ಒದಗಲಿಲ್ಲ.

ಈ ಕಾರಣದಿಂದ ನಿಯಮಗಳನ್ನೇ ಬಿಡಿಸಿ ನೋಡಬೇಕಾಗುತ್ತದೆ. ಅದಕ್ಕೆ ಅನುಕೂಲವೂ ಒದಗಿದೆ; ಮೂಲ ಆಟದ ಕ್ರಮವಿಧಿ ೨೦೦೮ರಲ್ಲಿ ‘ಮೈಕ್ರೊಪೊಲಿಸ್’ ಎಂಬ ಹೆಸರಿನಿಂದ ಸಾರ್ವಜನಿಕವಾಗಿ ಪ್ರಕಟವಾಯಿತು. ಅದರಲ್ಲಿ ಅಪರಾಧವನ್ನು ಎಣಿಸುವ ಸೂತ್ರ ಅತಿ ಚಿಕ್ಕದು. ೧೨೮ ಎಂಬ ಸಂಖ್ಯೆಯಿಂದ ಆ ಸ್ಥಳದ ಭೂಮಿಯ ಬೆಲೆಯನ್ನು ಕಳೆ, ಜನದಟ್ಟಣೆಯನ್ನು ಕೂಡಿಸು, ಪೋಲೀಸು ಠಾಣೆಯ ಪ್ರಭಾವವನ್ನು ಕಳೆ. ಉಳಿದುದೇ ಅಪರಾಧ. ನೆಲ ಅಗ್ಗವಾಗಿದ್ದು ಜನ ಒತ್ತಾಗಿದ್ದರೆ ಕಳ್ಳರಿದ್ದಾರೆಂದೇ ಅರ್ಥ. ಉಳ್ಳವರ ಮೋಸ ಈ ಲೆಕ್ಕದಲ್ಲಿ ಮೂಡುವುದೇ ಇಲ್ಲ. ಬೆಲೆಬಾಳುವ ನೆಲದ ಮೇಲೆ ನಡೆಯುವ ಅಪರಾಧವನ್ನು ಸೂತ್ರ ತಾನಾಗಿ ಕಳೆದುಬಿಡುತ್ತದೆ.

ಇದರ ಫಲ ಎಂಥದೆಂಬುದು ಆಟದೊಳಗಿನ ‘ಡೆಟ್ರಾಯಿಟ್, ೧೯೭೨’ ಎಂಬ ಪ್ರಸಂಗದಲ್ಲಿ ಸ್ಪಷ್ಟವಾಗುತ್ತದೆ. ಮೂಲ ಕೃತಿಯಲ್ಲಿ ಇಂಥ ಎಂಟು ಪ್ರಸಂಗಗಳಿವೆ: ೧೯೦೬ರ ಸಾನ್‌ಫ್ರಾನ್ಸಿಸ್ಕೊ ಭೂಕಂಪ, ೧೯೪೪ರ ಹ್ಯಾಂಬರ್ಗಿನ ಮೇಲಿನ ಬಾಂಬುದಾಳಿ, ೧೯೫೭ರ ಟೋಕಿಯೋವಿನಲ್ಲಿ ರಾಕ್ಷಸಪ್ರಾಣಿಯ ಹಾವಳಿ, ಇತ್ಯಾದಿ. ಡೆಟ್ರಾಯಿಟ್ಟಿನ ಆಪತ್ತು ಅಪರಾಧ. ಕಾರು ಉದ್ಯಮ ಕುಗ್ಗಿತು, ಭೂಮಿಯ ಬೆಲೆ ಇಳಿಯಿತು, ಆದ್ದರಿಂದ ಕಳ್ಳತನ ಹೆಚ್ಚಿತು ಎಂದು ಪೀಠಿಕೆ. ವಾಸ್ತವದಲ್ಲಿ ಆ ನಗರ ೧೯೬೭ರಲ್ಲಿ ಹೊತ್ತಿ ಉರಿದು ೪೩ ಮಂದಿ ಸತ್ತಿದ್ದರು. ಅದಕ್ಕೂ ಮುನ್ನ ಕರಿಯರ ನೆಲೆಗಳಾಗಿದ್ದ ಬ್ಲ್ಯಾಕ್ ಬಾಟಮ್ ಮತ್ತು ಪ್ಯಾರಡೈಸ್ ವ್ಯಾಲಿಗಳನ್ನು ನೆಲಸಮ ಮಾಡಿ ಹೆದ್ದಾರಿಯನ್ನು ಹಾಯಿಸಲಾಗಿತ್ತು. ಆಟದಲ್ಲಿ ಮನುಷ್ಯನ ಬಣ್ಣವಿಲ್ಲ. ಚೌಕದ ಬಣ್ಣ ಮಾತ್ರವಿದೆ. ಆಟಗಾರನು ಠಾಣೆಗಳನ್ನು ಹೆಚ್ಚಿಸಿ, ಉದ್ಯಾನಗಳನ್ನಿಟ್ಟು ನೆಲದ ಬೆಲೆಯನ್ನೇರಿಸಿ, ಹತ್ತು ವರ್ಷಗಳಲ್ಲಿ ನಗರವನ್ನು ‘ಉದ್ಧರಿಸುತ್ತಾನೆ’. ಕೆಡಹುವ ಯಂತ್ರವನ್ನು ಒಂದು ಮನೆಯ ಮೇಲೆ ಹಾಯಿಸಲು ಒಂದೇ ಡಾಲರು ಸಾಕು. ಯಾರ ಅನುಮತಿಯೂ ಬೇಡ, ನ್ಯಾಯಾಲಯವೂ ಇಲ್ಲ. ಈ ಪ್ರಸಂಗವು ಕೃತಿಯ ಅತ್ಯಂತ ದುರ್ಬಲವಾದ ಭಾಗವೆಂದು ಹೇಳಲು ಸಂಕೋಚಪಡಬೇಕಾದುದಿಲ್ಲ.

ಇನ್ನು ಮೂರು ಬಣ್ಣಗಳ ವಿಷಯ. ವಾಸದ ಚೌಕದಲ್ಲಿ ವ್ಯಾಪಾರವಿಲ್ಲ, ವ್ಯಾಪಾರದ ಚೌಕದಲ್ಲಿ ವಾಸವಿಲ್ಲ. ಇದು ಅಮೆರಿಕದ ನಗರಯೋಜನೆಯ ಧರ್ಮಶಾಸ್ತ್ರ. ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ೧೯೨೬ರಲ್ಲಿ ಅದಕ್ಕೆ ಮುದ್ರೆಯೊತ್ತಿತು. ಜೇನ್ ಜೇಕಬ್ಸ್ ೧೯೬೧ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಇದನ್ನೇ ಖಂಡಿಸಿ, ಅಂಗಡಿ, ಮನೆ, ಕೆಲಸ ಒಂದೇ ಬೀದಿಯಲ್ಲಿ ಬೆರೆತಾಗಲೇ ಬೀದಿಗೆ ಕಣ್ಣು ಬರುತ್ತದೆಂದು ವಾದಿಸಿದರು. ಮುಂಬಯಿಯಲ್ಲಿ ಬಾಳಿದವರಿಗೆ ಈ ವಾದವನ್ನು ಗ್ರಂಥದಿಂದ ಕಲಿಯಬೇಕಾಗಿಲ್ಲ. ಹಗಲಿಡೀ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ಸಂಜೆ ಯಾವ ಕಟ್ಟಡದಲ್ಲಿ ಕುಳಿತು ಕನ್ನಡ ಓದಿದರೋ ಆ ಕಟ್ಟಡ ಹಗಲಿನಲ್ಲಿ ಬೇರೆಯದೇ ಶಾಲೆ. ಅವರು ಮಲಗುತ್ತಿದ್ದುದು ಆ ಹೋಟೆಲಿನ ಮೇಜುಗಳ ಮೇಲೆ. ಸಿಮ್‌ಸಿಟಿಯ ನಕ್ಷೆಯಲ್ಲಿ ಆ ಹೋಟೆಲಿಗೆ ಯಾವ ಬಣ್ಣ ಬಳಿಯಬೇಕು? ರಾತ್ರಿಶಾಲೆಗೆ ಯಾವುದು? ಒಂದು ಕಟ್ಟಡ ಹೊತ್ತಿಗೊಂದು ಬಾಳನ್ನು ಬಾಳಬಲ್ಲುದೆಂಬ ಸಂಗತಿಯೇ ಈ ಯಂತ್ರಕ್ಕೆ ಅಗೋಚರ. (ವಾಸದ ಚೌಕದಲ್ಲಿ ಚರ್ಚೊಂದು ತಾನಾಗಿ ಮೂಡುತ್ತದೆ, ನಿಯಮಕ್ಕೆ ಅಪವಾದವೊಂದರಂತೆ.) ೧೯೮೨ರ ಜನವರಿಯಲ್ಲಿ ಎರಡು ಲಕ್ಷಕ್ಕೂ ಮೀರಿ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರದ ತರುವಾಯ ಗಿರಣಗಾಂವಿನ ನೆಲ ಹಳದಿಯಿಂದ ನೀಲಿಗೆ ತಿರುಗಿತು, ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಆವರಣ ಇಂದು ವ್ಯಾಪಾರಮಳಿಗೆಗಳ ಸಂಕೀರ್ಣ. ಆಟದಲ್ಲಿ ಇದಕ್ಕೆ ಎರಡು ಕ್ಷಣ ಬೇಕು. ಮುಂಬಯಿಯಲ್ಲಿ ಅದಕ್ಕೆ ಒಂದು ತಲೆಮಾರಿನ ಅನ್ನ ಬೇಕಾಯಿತು.

ಇಷ್ಟಾದರೂ ಬಹುಕಾಲದ ಆಟಗಾರ ಈ ಕೃತಿಯನ್ನು ಬಿಡಲಿಲ್ಲ, ಬಿಡದೆಯೇ ವಿಮರ್ಶಿಸಿದ. ಇದು ಮೆಚ್ಚಬೇಕಾದ ಸಂಗತಿ. ರೈಲುಹಳಿಯಲ್ಲಿ ಸಂದಣಿಯನ್ನು ಯಂತ್ರ ಎಣಿಸುವುದಿಲ್ಲವೆಂದು ಕಂಡುಹಿಡಿದು, ರಸ್ತೆಯೇ ಇಲ್ಲದ, ಬರಿಯ ಹಳಿಗಳ ನಗರಗಳನ್ನು ಕಟ್ಟಿದವನು ಆತನೇ. ಚರ್ಚ್‌ಗೇಟಿನ ಲೋಕಲ್ ಗಾಡಿಯಲ್ಲಿ ಒಂಟಿ ಕಾಲ ಮೇಲೆ ನಿಂತು ಬರುವವರು ಈ ಕಲ್ಪನೆಗೆ ನಕ್ಕರೆ ತಪ್ಪಿಲ್ಲ. ಆದರೆ ಲೋಪವನ್ನು ಆಟದ ಒಳಗಿನಿಂದಲೇ ತೋರಿಸಿಕೊಡುವ ಈ ಬಗೆಯ ಓದು, ಹೊರಗೆ ನಿಂತು ಬರೆಯುವ ಎಷ್ಟೋ ಪಂಡಿತರ ಟೀಕೆಗಿಂತ ಹೆಚ್ಚು ತೂಕದ್ದು.

ಆ ಆಟಗಾರನ ತಾಳ್ಮೆ ಕೆಟ್ಟುದು ೨೦೧೩ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ಬಂದ ಹೊಸ ‘ಸಿಮ್‌ಸಿಟಿ’ಯನ್ನು ಒಬ್ಬಂಟಿಯಾಗಿ ಆಡುವುದಕ್ಕೂ ದೂರದ ಯಂತ್ರದೊಡನೆ ಸದಾ ಸಂಪರ್ಕವಿರಬೇಕಾಗಿತ್ತು. ಬಿಡುಗಡೆಯಾದ ದಿನಗಳಲ್ಲಿ ಆ ಯಂತ್ರಗಳೇ ಕುಸಿದು, ಹಣ ತೆತ್ತವರು ಬಾಗಿಲ ಹೊರಗೆ ನಿಂತರು. ಇದು ವ್ಯಾಪಾರದ ದೋಷ. ಇದಕ್ಕಿಂತ ಆಳವಾದ ದೋಷ ರಚನೆಯಲ್ಲಿತ್ತು. ಈ ಬಾರಿ ಜನರನ್ನು ಒಬ್ಬೊಬ್ಬರಾಗಿ ತೋರಿಸುವುದಾಗಿ ಸಾರಲಾಗಿತ್ತು, ತೋರಿಸಿಯೂ ತೋರಿಸಿದರು. ಆದರೆ ಆ ನಾಗರಿಕನು ಬೆಳಿಗ್ಗೆ ಎದ್ದು ಕಣ್ಣಿಗೆ ಬಿದ್ದ ಮೊದಲ ಖಾಲಿ ಕೆಲಸಕ್ಕೆ ಹೋಗುತ್ತಾನೆ. ಸಂಜೆ ಮೊದಲು ಸಿಕ್ಕಿದ ಖಾಲಿ ಮನೆಗೆ ಮರಳುತ್ತಾನೆ. ನಿನ್ನೆಯ ಮನೆ ಇಂದಿನದಲ್ಲ. ಅಲ್ಲಿ ಕಾದಿರುವ ಹೆಂಡತಿಯಿಲ್ಲ, ಹೊಸ್ತಿಲಿಲ್ಲ, ನೆರೆಯವನಿಲ್ಲ. ಅದೇ ಆಟದಲ್ಲಿ ನಿರ್ವಸಿತರು ಉದ್ಯಾನಗಳಲ್ಲಿ ಕಾಣಿಸಿಕೊಂಡಾಗ, ಅವರನ್ನು ತೊಲಗಿಸುವ ಬಗೆ ಹೇಗೆಂದು ಆಟಗಾರರು ಪರಸ್ಪರ ಬರೆದುಕೊಂಡ ಮಾತುಗಳನ್ನು ಇತಾಲಿಯ ಮತ್ತೆಯೊ ಬಿತ್ತಾಂತಿ ಎಂಬವರು ಸಂಗ್ರಹಿಸಿ ಎರಡು ಸಂಪುಟಗಳಾಗಿ ಅಚ್ಚು ಹಾಕಿಸಿದರು. ಎಲ್ಲರಿಗೂ ಮನೆ ತಾತ್ಕಾಲಿಕವಾದ ನಗರದಲ್ಲಿ ಕೆಲವರನ್ನು ಮಾತ್ರ ಮನೆಯಿಲ್ಲದವರೆಂದು ಕರೆಯುವುದರ ವ್ಯಂಗ್ಯ ಅವರಿಗೆ ಹೊಳೆದಂತೆ ಕಾಣುವುದಿಲ್ಲ. ಈ ಆವೃತ್ತಿಯ ವಿನ್ಯಾಸಕಾರ ಸ್ಟೋನ್ ಲಿಬ್ರಾಂಡ್ ಆಡಿದ ಇನ್ನೊಂದು ಮಾತು ಇಲ್ಲಿ ಉಲ್ಲೇಖನೀಯ. ಕಾರು ನಿಲ್ಲಿಸುವ ಬಯಲುಗಳನ್ನು ಅಮೆರಿಕದಲ್ಲಿರುವ ಅಳತೆಯಲ್ಲಿಯೇ ತೋರಿಸಿದ್ದರೆ ನಗರ ನೋಡಲು ಬೇಸರವಾಗುತ್ತಿತ್ತೆಂದು, ಅವು ನೆಲದಡಿಯಲ್ಲಿವೆಯೆಂದು ಭಾವಿಸಿಕೊಂಡು ಅಡಗಿಸಿಬಿಟ್ಟರಂತೆ. ಕವಿಸಮಯವೆಂದರೆ ಇದೇ ತಾನೆ?

ಫಿನ್ಲೆಂಡಿನ ಟಾಂಪೆರೆ ನಗರದ ಚಿಕ್ಕ ತಂಡವೊಂದು ೨೦೧೫ರಲ್ಲಿ ಹೊರತಂದ ‘ಸಿಟೀಸ್ : ಸ್ಕೈಲೈನ್ಸ್’ ಈ ಪರಂಪರೆಯ ಉತ್ತರಾಧಿಕಾರಿ. ಅದೇ ಮಾರ್ಚಿಯಲ್ಲಿ ಮ್ಯಾಕ್ಸಿಸ್‌ನ ಎಮರಿವಿಲ್ ಕಛೇರಿ ಮುಚ್ಚಿತು. ಹೊಸ ಆಟದ ನಾಗರಿಕನಿಗೆ ಹೆಸರುಂಟು, ನಿಶ್ಚಿತವಾದ ಮನೆಯುಂಟು, ಮುಪ್ಪುಂಟು, ಸಾವುಂಟು. ಬಡಾವಣೆಯೊಂದನ್ನು ಒಂದೇ ಸಲಕ್ಕೆ ತೆರೆದರೆ ಒಂದೇ ವಯಸ್ಸಿನವರು ಒಟ್ಟಿಗೆ ಬಂದು ನೆಲಸುತ್ತಾರೆ. ಒಟ್ಟಿಗೇ ಮುದುಕರಾಗಿ ಒಟ್ಟಿಗೇ ಸಾಯುತ್ತಾರೆ. ಹೆಣದ ಗಾಡಿಗಳು ಸಂದಣಿಯಲ್ಲಿ ಸಿಕ್ಕಿಬೀಳುತ್ತವೆ. ಇದನ್ನು ಆಟಗಾರರು ನಗೆಯ ವಸ್ತುವಾಗಿಸಿಕೊಂಡಿದ್ದಾರೆ. ಆದರೆ ಇಡೀ ಪರಂಪರೆಯಲ್ಲಿ ಕಾಲವೆಂಬುದು ನಗರದೊಳಕ್ಕೆ ನಿಜವಾಗಿ ಕಾಲಿಟ್ಟುದು ಈ ತಪ್ಪಿನ ಮೂಲಕವೇ. ಒಂದೇ ದಶಕದಲ್ಲಿ ಒಂದೇ ಕೆಲಸಕ್ಕೆ ಬಂದು ಸೇರಿದವರ ಸಂಘಗಳು, ಗ್ರಂಥಾಲಯಗಳು, ಭಜನಾಮಂದಿರಗಳು ಒಂದೇ ಕಾಲಕ್ಕೆ ಮುಪ್ಪಾಗುವುದನ್ನು ಕಂಡವರಿಗೆ ಈ ದೃಶ್ಯ ಅಷ್ಟು ನಗೆಯನ್ನು ತರಲಾರದು.

ರೈಟ್ ತಮ್ಮ ಪ್ರೇರಣೆಗಳಲ್ಲಿ ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ ಬರೆದ ಕಥೆಯೊಂದನ್ನೂ ಹೇಳಿದ್ದಾರೆ. ಪದಚ್ಯುತನಾದ ಕ್ರೂರ ಅರಸನೊಬ್ಬನ ಆಳುವ ಚಪಲ ತೀರಲೆಂದು ಟ್ರೂರ್ಲನೆಂಬ ಯಂತ್ರಶಿಲ್ಪಿ ಪೆಟ್ಟಿಗೆಯೊಂದರಲ್ಲಿ ಪುಟ್ಟ ರಾಜ್ಯವನ್ನು ಮಾಡಿಕೊಡುತ್ತಾನೆ. ಅದು ಬರಿಯ ಆಟಿಕೆಯಲ್ಲವೆ ಎಂಬ ಆತನ ಸಮಾಧಾನವನ್ನು ಅವನ ಸ್ನೇಹಿತ ಒಪ್ಪುವುದಿಲ್ಲ. ಅಷ್ಟು ಪೂರ್ಣವಾಗಿ ಅನುಕರಿಸಿದ ನೋವು ನೋವೇ ಅಲ್ಲವೆ ಎಂದು ಕೇಳುತ್ತಾನೆ. ಸಿಮ್‌ಸಿಟಿಯ ಪೆಟ್ಟಿಗೆಯೊಳಗೆ ನೋವಿಲ್ಲ. ಅಷ್ಟು ಪೂರ್ಣತೆ ಅದಕ್ಕೆ ಎಂದೂ ಇರಲಿಲ್ಲ. ಪ್ರಶ್ನೆಯಿರುವುದು ಪೆಟ್ಟಿಗೆಯ ಹೊರಗಿರುವವನ ಕಣ್ಣಿನದು. ಮೇಲಿನಿಂದ ಬಾಗಿ ನೋಡುವ ಅಭ್ಯಾಸ ಒಮ್ಮೆ ಕೂಡಿಬಂದರೆ, ಬೀದಿಯ ಮಟ್ಟದಿಂದ ನಗರ ಹೇಗೆ ಕಾಣುತ್ತದೆಂಬುದು ಮರೆಯುತ್ತದೆ. ಯಶವಂತ ಚಿತ್ತಾಲರ ‘ಶಿಕಾರಿ’ ೧೯೭೯ರಲ್ಲಿ ತೋರಿಸಿದ ಮುಂಬಯಿಯನ್ನು ಮೇಲಿನಿಂದ ನೋಡುವುದು ಸಾಧ್ಯವೇ ಇಲ್ಲ. ಅಲ್ಲಿ ನಗರ ನಾಗಪ್ಪನೊಬ್ಬನ ಭಯದ ಅಳತೆಯಷ್ಟೇ ದೊಡ್ಡದು.

೨೦೨೩ರ ಅಕ್ಟೋಬರಿನಲ್ಲಿ ಬಂದ ‘ಸಿಟೀಸ್ : ಸ್ಕೈಲೈನ್ಸ್’ನ ಎರಡನೆಯ ಆವೃತ್ತಿಯಲ್ಲಿ, ಕೆಳಗೆ ಅಂಗಡಿ, ಮೇಲೆ ಮನೆ ಇರುವ ಮಿಶ್ರಚೌಕವೊಂದು ಕಡೆಗೂ ಕಾಣಿಸಿಕೊಂಡಿದೆ. ಜೇಕಬ್ಸ್ ಬರೆದ ೬೨ ವರ್ಷಗಳ ಬಳಿಕ. ಅಂಗಡಿಯ ಬಾಗಿಲು ಹಾಕಿದ ಮೇಲೆ ಅದೇ ಕೋಣೆಯಲ್ಲಿ ಹುಡುಗರು ಪುಸ್ತಕ ಬಿಡಿಸಿ ಕುಳಿತುಕೊಳ್ಳುವ ಚೌಕಕ್ಕೆ ಮಾತ್ರ ಇನ್ನೂ ಬಣ್ಣ ದೊರೆತಿಲ್ಲ.