ವಾಯಿದೆಯ ಲೆಕ್ಕ, ವೇಗದ ಲೆಕ್ಕ

ಕನ್ನಡದ 'ವಾಯಿದೆ' ಮತ್ತು ಉರ್ದುವಿನ 'ವಾದಾ' ಒಂದೇ ಬೇರಿನ ಪದಗಳು. ಉರ್ದುವಿನಲ್ಲಿ ವಾದಾ ಎಂದರೆ ಕೊಟ್ಟ ಮಾತು. ಕನ್ನಡದಲ್ಲಿ ವಾಯಿದೆ ಎಂದರೆ ಸಾಲ ತೀರಿಸಬೇಕಾದ ಗಡುವು. ಸಾಲದಲ್ಲಿ ಕಾಲವೆಂಬುದು ಬರೀ ಕ್ಯಾಲೆಂಡರಿನ ತಾರೀಖಲ್ಲ, ಇಬ್ಬರ ನಡುವಿನ ಮಾತು ಎಂಬ ತಿಳಿವಳಿಕೆ ಈ ಪದದೊಳಗೇ ಇದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನಡೆಯುವುದು ಈ ಮಾತಿನ ಮೇಲೆ. ಸಂಬಳವಾದ ಮೇಲೆ, ರೇಷ್ಮೆಗೂಡು ಮಾರಿದ ಮೇಲೆ, ಮಗ ಗಲ್ಫಿನಿಂದ ಹಣ ಕಳಿಸಿದ ಮೇಲೆ ಎಂದು ಗಿರಾಕಿ ಹೇಳುತ್ತಾನೆ; ಅಂಗಡಿಯವನು ಬರೆದುಕೊಳ್ಳುತ್ತಾನೆ.

ಈ ಉದ್ರಿ ಪುಸ್ತಕ ಈಗ ಮೊಬೈಲಿಗೂ ಬಂದಿದೆ. ಆ ಕೆಲಸದಲ್ಲಿ ಹೆಸರು ಮಾಡಿದ ಖಾತಾಬುಕ್ ಮತ್ತು ಓಕೆಕ್ರೆಡಿಟ್ ಎಂಬ ಎರಡು ಕಂಪನಿಗಳು ಬೆಂಗಳೂರಿನಿಂದ ಬೆಳೆದವು. ಎರಡೂ ಅಮೆರಿಕದ ಒಂದೇ ಗರಡಿಯಲ್ಲಿ, 2018ರ ಒಂದೇ ತಂಡದಲ್ಲಿ ತಾಲೀಮು ಪಡೆದವು ಎಂಬುದು ಕುತೂಹಲದ ಸಂಗತಿ. ಆ ಗರಡಿಯ ಹೆಸರು ವೈ ಕಾಂಬಿನೇಟರ್.

2005ರಲ್ಲಿ ಪಾಲ್ ಗ್ರಹಾಂ, ಜೆಸಿಕಾ ಲಿವಿಂಗ್‌ಸ್ಟನ್ ಮತ್ತು ಇಬ್ಬರು ಗೆಳೆಯರು ಕಟ್ಟಿದ ಈ ಸಂಸ್ಥೆ ಸಾಹಸ ಬಂಡವಾಳ ಹೂಡುವ ಕಂಪನಿಯೂ ಹೌದು, ಹೊಸ ಉದ್ಯಮಗಳನ್ನು ಪಳಗಿಸುವ 'ಆಕ್ಸಿಲರೇಟರ್' ಕೂಡ ಹೌದು. ಆಯ್ಕೆಯಾದ ತಂಡಕ್ಕೆ ಸುಮಾರು ಮೂರು ತಿಂಗಳ ತರಬೇತಿ. 2022ರಿಂದ ಪ್ರತಿ ಕಂಪನಿಗೆ 5 ಲಕ್ಷ ಡಾಲರ್ ಹೂಡಿಕೆ, ಅದರಲ್ಲಿ 1.25 ಲಕ್ಷ ಡಾಲರಿಗೆ ಕಂಪನಿಯ ಶೇಕಡ 7ರಷ್ಟು ಪಾಲು ಸಂಸ್ಥೆಯದಾಗುತ್ತದೆ, ಉಳಿದ ಹಣದ ಪಾಲು ಮುಂದಿನ ಹೂಡಿಕೆಯ ವೇಳೆ ನಿಗದಿಯಾಗುತ್ತದೆ. ಕೊನೆಗೆ 'ಡೆಮೊ ಡೇ' ಎಂಬ ಪ್ರದರ್ಶನದ ದಿನ. ಅಂದು ಸ್ಥಾಪಕರು ಹೂಡಿಕೆದಾರರ ಮುಂದೆ ಒಂದೆರಡು ನಿಮಿಷಗಳಲ್ಲಿ ತಮ್ಮ ಕಥೆ ಹೇಳಬೇಕು.

ಹಣಕಾಸು ತಂತ್ರಜ್ಞಾನದಲ್ಲಿ ಈ ಗರಡಿಯ ಸಾಧನೆ ಸಣ್ಣದಲ್ಲ. ಐರ್ಲೆಂಡಿನ ಕಾಲಿಸನ್ ಸೋದರರ ಸ್ಟ್ರೈಪ್ ಇಲ್ಲಿಂದ ಬಂತು. 2015ರ ತಂಡದಲ್ಲಿದ್ದ ಬೆಂಗಳೂರಿನ ರೇಜರ್‌ಪೇ, ಸಣ್ಣ ವ್ಯಾಪಾರಿಯೂ ಅಂತರ್ಜಾಲದಲ್ಲಿ ಹಣ ಪಡೆಯುವ ದಾರಿಯನ್ನು ಸುಲಭ ಮಾಡಿತು. ಇದನ್ನು ಒಪ್ಪದಿದ್ದರೆ ಟೀಕೆಗೆ ಬೆಲೆಯಿರುವುದಿಲ್ಲ. ಖಾತಾಬುಕ್, ಓಕೆಕ್ರೆಡಿಟ್‌ಗಳಿಂದಲೂ ಲಾಭವಾಗಿದೆ. ಅಂಗಡಿಯವನು ಉದ್ರಿ ದಾಖಲಿಸಿದರೆ ಗಿರಾಕಿಯ ಫೋನಿಗೂ ಸಂದೇಶ ಹೋಗಬಲ್ಲದು. ನೂರು ಬರೆಯುವಲ್ಲಿ ನೂರೈವತ್ತು ಬರೆದರೆ ಕೇಳುವ ಅವಕಾಶ ಗಿರಾಕಿಗೆ ಸಿಗುತ್ತದೆ. ಹಳೆಯ ಪುಸ್ತಕ ಒಬ್ಬರ ಗಲ್ಲಾದ ಕೆಳಗಿರುತ್ತಿತ್ತು. ಅದರ ಅಕ್ಷರ ಓದಲಾರದವರ ಪಾಲಿಗೆ ಅದು ಅಷ್ಟೇನೂ ನ್ಯಾಯದ ಪುಸ್ತಕವಾಗಿರಲಿಲ್ಲ.

ಹಾಗಾದರೆ ತಕರಾರು ಯಾವುದು? ನನ್ನ ತಕರಾರು ಯಂತ್ರದ ಬಗ್ಗೆ ಅಲ್ಲ, ಗರಡಿಯ ಗಡಿಯಾರದ ಬಗ್ಗೆ.

ಸ್ಟಾರ್ಟಪ್ ಎಂದರೆ ವೇಗವಾಗಿ ಬೆಳೆಯಲೆಂದೇ ರೂಪಿಸಿದ ಕಂಪನಿ ಎಂದು ಪಾಲ್ ಗ್ರಹಾಂ 2012ರ ಪ್ರಬಂಧವೊಂದರಲ್ಲಿ ವಾದಿಸಿದರು. ತರಬೇತಿಯ ಅವಧಿಯಲ್ಲಿ ವಾರಕ್ಕೆ ಶೇಕಡ 5ರಿಂದ 7ರಷ್ಟು ಬೆಳೆದರೆ ಒಳ್ಳೆಯದು ಎಂಬುದು ಅವರ ಅಳತೆ. ಕೇಳಲು ಸಣ್ಣ ಸಂಖ್ಯೆ. ಆದರೆ ವಾರಕ್ಕೆ ಶೇಕಡ 7 ಎಂದರೆ ಚಕ್ರಬಡ್ಡಿಯಂತೆ ಬೆಳೆದು ವರ್ಷಕ್ಕೆ 33 ಪಟ್ಟು ಮೀರುತ್ತದೆ! ಹಣ ಪಾವತಿಸುವ ಸೇವೆಗೆ ಈ ಅಳತೆ ಹೊಂದಬಹುದು. ಪಾವತಿ ಸರಿಯಾಯಿತೋ ಇಲ್ಲವೋ ಎಂಬುದು ಬೇಗ ಗೊತ್ತಾಗುತ್ತದೆ. ಸಾಲ ಹಾಗಲ್ಲ. ಸಾಲ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವುದು ಅದು ಮರಳಿ ಬಂದಾಗ, ಅಥವಾ ಬಾರದೆ ಹೋದಾಗ. ಮೂರು ತಿಂಗಳ ತರಬೇತಿ ಮುಗಿಯುವ ಹೊತ್ತಿಗೆ ಒಂದು ವರ್ಷದ ಸಾಲದ ಕಾಲು ಭಾಗವೂ ತೀರಿರುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಸಾಲದ ವ್ಯವಹಾರದಷ್ಟು ಸುಲಭವಾಗಿ ಬೆಳೆಸಬಹುದಾದ ವ್ಯವಹಾರ ಮತ್ತೊಂದಿಲ್ಲ. ಸೋಪು ಮಾರುವವನು ಗಿರಾಕಿಯನ್ನು ಒಲಿಸಬೇಕು; ಹಣ ಹಂಚುವವನ ಬಾಗಿಲಿಗೆ ಸಾಲು ತಾನಾಗಿ ನಿಲ್ಲುತ್ತದೆ. ಹೊಸ ಸಾಲ ಹೆಚ್ಚಿದಷ್ಟೂ ಒಟ್ಟು ಮೊತ್ತದಲ್ಲಿ ಬಾಕಿಯ ಪ್ರಮಾಣ ಸಣ್ಣದಾಗಿ ಕಾಣುತ್ತದೆ. ಒಬ್ಬರ ಕಂತು ಕಟ್ಟಲು ಇನ್ನೊಬ್ಬರಲ್ಲಿ ಸಾಲ ಎತ್ತಿದರೆ ಇಬ್ಬರ ಲೆಕ್ಕವೂ ಚೆನ್ನಾಗಿಯೇ ಇರುತ್ತದೆ. ಓಟ ನಿಂತ ದಿನವೇ ನಿಜ ಹೊರಬೀಳುವುದು.

ಈ ನಿಜವನ್ನು ನಮ್ಮ ನಾಡು ಹಿಂದೆಯೇ ಕಂಡಿದೆ. ಕೋಲಾರದಲ್ಲಿ 2009ರಲ್ಲಿ ಅಂಜುಮನ್ ಮುಂದಾಳುಗಳು ಕಿರುಸಾಲದ ಕಂತು ಕಟ್ಟಬೇಡಿ ಎಂದು ಮುಸ್ಲಿಂ ಮಹಿಳೆಯರಿಗೆ ಹೇಳಿದರು. ಆ ನಿರಾಕರಣೆ ರಾಮನಗರದಂಥ ಊರುಗಳಿಗೂ ಹಬ್ಬಿತು. ಹೆಂಗಸರ ಸಾಲದ ಬಗ್ಗೆ ಗಂಡಸರ ಸಮಿತಿ ತೀರ್ಮಾನಿಸಿದ್ದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಬರೀ ಫತ್ವಾ ಎಂದು ನೋಡಿದವರು, ರೇಷ್ಮೆಯ ದುಡಿಮೆ ಕುಸಿದಿದ್ದ ಮನೆಗಳಲ್ಲಿ ಒಬ್ಬಳೇ ಹೆಂಗಸಿನ ಮೇಲೆ ಹಲವು ಸಂಸ್ಥೆಗಳ ಸಾಲ ಬಿದ್ದಿತ್ತೆಂಬುದನ್ನು ಮರೆತರು. ಮರುವರ್ಷ, 2010ರ ಆಗಸ್ಟಿನಲ್ಲಿ, ಸಾಹಸ ಬಂಡವಾಳದ ದೈತ್ಯ ಸಿಕೋಯಾ ಹಣ ಹೂಡಿದ್ದ ಹೈದರಾಬಾದಿನ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಷೇರುಪೇಟೆಗೆ ಕಾಲಿಟ್ಟು ಸಂಭ್ರಮಿಸಿತು. ಅಕ್ಟೋಬರಿನಲ್ಲಿ ಸಾಲಗಾರರ ಆತ್ಮಹತ್ಯೆಯ ಸುದ್ದಿಗಳ ನಡುವೆ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸಂಭ್ರಮಕ್ಕೂ ಸಂಕಟಕ್ಕೂ ನಡುವೆ ಎರಡೇ ತಿಂಗಳು.

ಎಸ್‌ಕೆಎಸ್ ಯಾವ ಆಕ್ಸಿಲರೇಟರಿನ ಕೂಸೂ ಅಲ್ಲ. ಮೊಬೈಲಿನಲ್ಲಿ ಸಾಲ ಕೊಟ್ಟು ಮಾನ ಹರಾಜು ಹಾಕಿದ ಅಕ್ರಮ ಆ್ಯಪ್‌ಗಳ ಪಾಪವನ್ನು ವೈ ಕಾಂಬಿನೇಟರಿನ ತಲೆಗೆ ಕಟ್ಟುವುದೂ ಅನ್ಯಾಯ. ಆದರೆ ವೇಗವನ್ನೇ ಗುಣವೆಂದು ಎಣಿಸುವ ಮನಸ್ಸು ಎಲ್ಲ ಕಡೆಯೂ ಒಂದೇ. ರಿಸರ್ವ್ ಬ್ಯಾಂಕಿನ ಕಾರ್ಯತಂಡ 2021ರಲ್ಲಿ ಸುಮಾರು 1,100 ಸಾಲದ ಆ್ಯಪ್‌ಗಳನ್ನು ಗುರುತಿಸಿ, ಅವುಗಳಲ್ಲಿ 600 ಅಕ್ರಮವೆಂದಿತು. 2022ರಲ್ಲಿ ಬ್ಯಾಂಕು ನಿಯಮ ತಂದಿತು: ಹಣ ಸಾಲ ಕೊಡುವ ಸಂಸ್ಥೆಯಿಂದ ನೇರ ಸಾಲಗಾರನ ಖಾತೆಗೇ ಹೋಗಬೇಕು, ಒಟ್ಟು ವಾರ್ಷಿಕ ವೆಚ್ಚ ಮೊದಲೇ ಹೇಳಬೇಕು, ಮನಸ್ಸು ಬದಲಿಸಿದವರು ದಂಡವಿಲ್ಲದೆ ಹಿಂದಿರುಗಿಸಲು ಕೆಲವು ದಿನ ಕೊಡಬೇಕು. ಕಿರುಸಾಲದ ಕಿರುಕುಳ ತಡೆಯಲು ಕರ್ನಾಟಕವೂ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ವೇಗದ ಪೆಡಲು ಖಾಸಗಿಯವರ ಕಾಲಡಿಯಲ್ಲಿ, ಬ್ರೇಕು ಮಾತ್ರ ಸರ್ಕಾರದ ಕೈಯಲ್ಲಿ. ಅದೂ ಅಪಘಾತವಾದ ಮೇಲೆ.

ಬ್ಯಾಂಕಿನ ಮೆಟ್ಟಿಲು ಹತ್ತಲಾಗದವರಿಗೆ ಮೀಟರ್ ಬಡ್ಡಿಯವನೇ ಗತಿಯಾಗಿದ್ದಾಗ ಇವರಾದರೂ ಬಂದರಲ್ಲ ಎಂದು ಸಮರ್ಥಕರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಉಚಿತವಾಗಿ ಹಂಚಿದ ಆ್ಯಪ್ ಎಂದಾದರೂ ಲಾಭ ತೋರಿಸಲೇಬೇಕು. 2021ರಲ್ಲಿ 10 ಕೋಟಿ ಡಾಲರ್ ಬಂಡವಾಳ ಪಡೆದ ಖಾತಾಬುಕ್ ಅಂಗಡಿಯವರಿಗೆ ಸಾಲ ಕೊಡಿಸುವ ವ್ಯವಹಾರಕ್ಕೂ ಇಳಿಯಿತು. ಉದ್ರಿ ಬರೆಯುವ ಪುಸ್ತಕವೇ ಸಾಲದ ಅಂಗಡಿಯೂ ಆಯಿತು. ಅಂಗಡಿಯವನು ಗಿರಾಕಿಗೆ ಕೊಟ್ಟ ವಾಯಿದೆಗೆ ಬಡ್ಡಿಯಿರಲಿಲ್ಲ; ಅವನು ತಾನೇ ಎತ್ತುವ ಸಾಲದ ಕಂತು ಯಾರ ಗೂಡು ಮಾರುವವರೆಗೂ ಕಾಯುವುದಿಲ್ಲ.

ಕಥೆ ಬರೆಯುವ ನನ್ನಂಥವರಿಗೆ ಡೆಮೊ ಡೇಯ ಕಥನದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಅಲ್ಲಿ ಸ್ಥಾಪಕನಿದ್ದಾನೆ, ಮಾರುಕಟ್ಟೆಯಿದೆ, ಮೇಲೇರುವ ಗೆರೆಯಿದೆ. ಸಾಲ ಪಡೆದವಳಿಗೆ ಮಾತ್ರ ಸಂಭಾಷಣೆಯಿಲ್ಲ. ಅವಳು ಸಂಖ್ಯೆಯಾಗಿ ಬಂದು ಹೋಗುತ್ತಾಳೆ. ಸಾಲದ ವ್ಯವಹಾರಕ್ಕೆ ಇಳಿಯುವ ತಂಡಗಳಿಗಾದರೂ ಗರಡಿಯವರು ಬೇರೆ ಪರೀಕ್ಷೆ ಇಡಲಿ. ಮೂರು ತಿಂಗಳ ಕೊನೆಗೆ ಎಷ್ಟು ಕೊಟ್ಟಿರಿ ಎಂದಲ್ಲ, ಎರಡು ವರ್ಷದ ಕೊನೆಗೆ ಎಷ್ಟು ಮನೆಗಳು ಇನ್ನೊಂದು ಸಾಲ ಎತ್ತದೆ ನಿಮ್ಮ ಸಾಲ ತೀರಿಸಿದವು ಎಂದು ಕೇಳಲಿ. ಉತ್ತರ ತಡವಾಗಿ ಬರುತ್ತದೆ ನಿಜ. ಆದರೆ ಸಾಲಕ್ಕೆ ಸಂಬಂಧಪಟ್ಟ ನಿಜವಾದ ಉತ್ತರ ಬರುವುದೇ ಹಾಗೆ.