ಶಿಲ್ಪಿ ಬರೆದಿಟ್ಟ ಲೇಬಲ್

ಚಿತ್ತಾಪುರ ಸೀಮೆಯ ಸನ್ನತಿ ಪಕ್ಕ, ಭೀಮಾ ನದಿ ದಂಡೆಯ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪದ ಅವಶೇಷ ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಅಲ್ಲಿನ ಒಂದು ಫಲಕದಲ್ಲಿ ರಾಜ, ರಾಣಿ, ಪರಿಚಾರಿಕೆಯರು ಇದ್ದಾರೆ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’, ಅಂದ್ರೆ ರಾಜ ಅಶೋಕ. ಎಲ್ಲರೂ ಆ ಹೆಸರಿನ ಬಗ್ಗೆಯೇ ಮಾತಾಡ್ತಾರೆ. ನನಗೆ ಹೆಸರು ಬರೆದ ಕೆಲಸವೇ ದೊಡ್ಡದು ಅನಿಸುತ್ತೆ. ಆ ಹೊತ್ತಿಗೆ ಅಶೋಕ ತೀರಿಹೋಗಿ ತಲೆಮಾರುಗಳೇ ಕಳೆದಿದ್ದವು. ನೋಡೋಕೆ ಬಂದವರಿಗೆ ಇವನ್ಯಾರು ಅಂತ ತಿಳೀಲಿ ಅಂತ, ಆಗ ಬಳಕೆಯಲ್ಲಿದ್ದ ಪ್ರಾಕೃತದಲ್ಲೇ ಲೇಬಲ್ ಕೆತ್ತಿದರು.

ನಮ್ಮ ಇವತ್ತಿನ ಎಷ್ಟೋ ಫಲಕಗಳು ಈ ಪರೀಕ್ಷೆಯಲ್ಲಿ ಫೇಲು. ‘ಮೇಧಿ’, ‘ಆಯಕ’ ಅಂತ ಬರೆದು ಕೈತೊಳೆದುಕೊಂಡರೆ, ನಮ್ಮೂರ ಆಯಿ “ಏನ್ ಬರ್ದಾರ್ರೀ ಇದ್ರಾಗ?” ಅಂತ ಕೇಳೋದು ನ್ಯಾಯವೇ. ಸೇಡಂ, ಚಿಂಚೋಳಿ ಕಡೆ ತೆಲುಗು, ಶಹಾಬಾದ್‌, ವಾಡಿಯ ಓಣಿಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ ಮಾತಾಡ್ತಾರೆ. ಇವರೆಲ್ಲ ನೋಡುಗರಲ್ಲವೇ?

ಆದರೆ ಅದೇ ಆಯಿಗೆ ಕಲ್ಲಿನ ಬಗ್ಗೆ ಹೇಳಿಕೊಡಬೇಕಿಲ್ಲ. ಸ್ತೂಪ ಕಟ್ಟಿದ್ದು ಸುಣ್ಣದ ಕಲ್ಲಿನಲ್ಲಿ, ನಾವು ಮನೆಗೆ ಹಾಸೋ ಶಹಾಬಾದ್‌ ಫರ್ಸಿಯ ಜಾತಿಯದೇ. ಫರ್ಸಿ ಮೇಲೆ ನಿಂಬೆರಸ ಬಿದ್ದರೆ ಹೊಳಪು ಹೋಗುತ್ತೆ, ಆಸಿಡ್‌ ಬಿದ್ದರೆ ನೊರೆ ಬರುತ್ತೆ. ಶಿಲ್ಪಕ್ಕೂ ಅದೇ ಗತಿ. ನೀರಿನ ಜೊತೆ ಒಳಗೆ ಹೋದ ಉಪ್ಪು ಒಣಗುವಾಗ ಹರಳುಗಟ್ಟಿ, ಮೇಲಿನ ಪದರ ಎಬ್ಬಿಸುತ್ತೆ. ಅದಕ್ಕೇ ಸಂರಕ್ಷಕರು ಸ್ವಚ್ಛ ಮಾಡುವಾಗ ಮೆತ್ತನೆ ಬ್ರಷ್‌ನಿಂದ ಶುರು ಮಾಡ್ತಾರೆ. ಒಡೆದ ಪ್ರತಿ ಚೂರಿಗೂ ನಂಬರು, ಅಳತೆ, ಸಿಕ್ಕ ಜಾಗದ ದಾಖಲೆ ಬೇಕು. ದಾಖಲೆ ಕಳೆದರೆ ಶಿಲ್ಪದ ಚೂರೂ ಬರೀ ಕಲ್ಲೇ. ಕೋಡ್‌ ಬರೆಯುವ ನಮಗೆ ಈ ಸಂಕಟ ಚೆನ್ನಾಗಿ ಅರ್ಥ ಆಗಬೇಕು. ಈ ಕೆಲಸವನ್ನೇ ಗಾಜಿನಾಚೆ ತೋರಿಸಿ ನೋಡಿ, ಫರ್ಸಿ ಒಡೆದು ಬದುಕಿದ ಮನೆಯ ಮಕ್ಕಳು ಕದಲೋದಿಲ್ಲ.

1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನಲ್ಲೇ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿ 12ನೇ ಶಿಲಾಶಾಸನದ ಭಾಗವೂ ಇದೆ. ನಿನ್ನ ಮತವನ್ನ ಹೊಗಳಿಕೊಂಡು ಬೇರೆಯವರದನ್ನ ಹಳಿಯಬೇಡ, ಒಬ್ಬರ ಮಾತು ಇನ್ನೊಬ್ಬರು ಕೇಳಿ ಅನ್ನೋದು ಅದರ ಸಾರ. ದೇವಿಗೆ ಕಾಯಿ ಒಡೆಯಲು ಬಂದವರು, ಬುದ್ಧನಿಗೆ ಕೈಮುಗಿಯಲು ಬಂದವರು, ಶಾಲೆಯ ಟ್ರಿಪ್ಪಿನಲ್ಲಿ ಬಂದವರು, ಎಲ್ಲರಿಗೂ ಈ ಕಲ್ಲು ಸೇರಿದ್ದು. ಕಲ್ಲನ್ನ ಉಳಿಸೋದು ಅರ್ಧ ಕೆಲಸ. ಅದು ಹೇಳೋದು ಅವರಿಗೆಲ್ಲ ತಿಳಿಯುವ ಹಾಗೆ ಮಾಡೋದು ಇನ್ನರ್ಧ.